ಡೀನ್ ಬೀದಿಯಿಂದ ಗ್ರಾಫ್ಟನ್ ಟೆರೇಸಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಅನುಭವದಿಂದ ಹೇಳಿದ್ದಾರೆ. ಮನೆ ಕಟ್ಟುವ ಯೋಗವಿಲ್ಲದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾಡಿಗೆಯ ಬಿಡಾರದಿಂದ ಬಿಡಾರಕ್ಕೆ ಅಲೆಯುವವನ ಪಾಡು ಇದಕ್ಕಿಂತ ಕಷ್ಟದ್ದು. ಅಂಥ ಒಬ್ಬ ಗೃಹಸ್ಥನ ಕಥೆಯನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ಆ ಗೃಹಸ್ಥನ ಹೆಸರು ಕಾರ್ಲ್ ಮಾರ್ಕ್ಸ್.

ಅರ್ಥಶಾಸ್ತ್ರವನ್ನು ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಮಾರ್ಕ್ಸನೆಂದರೆ ಹೆಚ್ಚುವರಿ ಮೌಲ್ಯದ ಸಿದ್ಧಾಂತ, ವರ್ಗಕಲಹ, ಪರೀಕ್ಷೆಗೆ ಬರೆಯಬೇಕಾದ ಒಂದು ಟಿಪ್ಪಣಿ. ಅವನನ್ನು ದೇವರೆಂದು ಪೂಜಿಸುವವರೂ ಇದ್ದಾರೆ, ಸೈತಾನನೆಂದು ಹಳಿಯುವವರೂ ಇದ್ದಾರೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. 1856ನೆಯ ಇಸವಿಯಲ್ಲಿ ಅವನ ಸಂಸಾರವು ಎರಡು ಕೋಣೆಯ ಒಂದು ಬಿಡಾರವನ್ನು ಬಿಟ್ಟು ಒಂದು ಇಡೀ ಮನೆಗೆ ಹೋಯಿತು. ಅವನ ಜೀವನ ಚರಿತ್ರೆಯನ್ನು ಓದುತ್ತಿದ್ದಾಗ ನನ್ನ ಮನಸ್ಸು ನಿಂತದ್ದು ಈ ಸಣ್ಣ ಸಂಗತಿಯ ಮೇಲೆ. ಇದರ ಹಿಂದೆ ಎಷ್ಟು ದುಃಖವಿತ್ತು, ಇದರ ಮುಂದೆ ಎಷ್ಟು ಸಾಲವಿತ್ತು ಎಂಬುದನ್ನು ತಿಳಿದಮೇಲೆ ಇದು ಸಣ್ಣ ಸಂಗತಿಯೆಂದು ನನಗೆ ತೋರಲಿಲ್ಲ.

ಮಾರ್ಕ್ಸನು 1818ನೆಯ ಇಸವಿ ಮೇ 5ರಂದು ಜರ್ಮನಿಯ ಟ್ರಿಯರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ವಕೀಲ. ಅದೇ ಊರಿನಲ್ಲಿ ದೊಡ್ಡ ಮನೆತನದ ಒಬ್ಬ ಅಧಿಕಾರಿಯ ಮಗಳಾದ ಜೆನ್ನಿ ಫಾನ್ ವೆಸ್ಟ್‌ಫಾಲೆನ್ ಎಂಬ ಚೆಲುವೆಯಿದ್ದಳು. ವಯಸ್ಸಿನಲ್ಲಿ ಅವಳು ಅವನಿಗಿಂತ ನಾಲ್ಕು ವರ್ಷ ಹಿರಿಯಳು. 1843ರ ಜೂನ್ 19ರಂದು ಇಬ್ಬರಿಗೂ ಮದುವೆಯಾಯಿತು. ಅಂದಿನಿಂದ ಆರು ವರ್ಷಗಳಲ್ಲಿ ಪ್ಯಾರಿಸ್, ಬ್ರಸೆಲ್ಸ್, ಕಲೋನ್ ಎಂದು ಈ ದಂಪತಿಗಳು ಸುತ್ತಿದರು. ಮಾರ್ಕ್ಸನ ಬರವಣಿಗೆ ಯಾವ ಸರ್ಕಾರಕ್ಕೂ ಹಿಡಿಸಲಿಲ್ಲ. ಒಂದೊಂದು ಸರ್ಕಾರವೂ ಅವನನ್ನು ಗಡಿಯಾಚೆಗೆ ಕಳುಹಿಸಿತು. 1849ರ ಆಗಸ್ಟಿನಲ್ಲಿ ಅವನು ಲಂಡನ್ನಿಗೆ ಬಂದನು. ಮರುತಿಂಗಳು ಜೆನ್ನಿ ಮೂರು ಮಕ್ಕಳೊಡನೆ ಬಂದಳು: ಹಿರಿಯ ಮಗಳು ಪುಟ್ಟ ಜೆನ್ನಿ, ಎರಡನೆಯವಳು ಲಾರಾ, ಎರಡು ವರ್ಷ ದಾಟಿದ ಎಡ್ಗರ್. ನಾಲ್ಕನೆಯದು ಬಸಿರಿನಲ್ಲಿತ್ತು. ಜೆನ್ನಿಯ ತಾಯಿ ಮಗಳ ನೆರವಿಗೆಂದು ಕಳುಹಿಸಿಕೊಟ್ಟಿದ್ದ ಹೆಲೆನ್ ಡೆಮುತ್ ಎಂಬ ಹುಡುಗಿಯೂ ಈ ಸಂಸಾರದವಳೇ. ಎಲ್ಲರೂ ಅವಳನ್ನು ಲೆಂಚೆನ್ ಎಂದು ಕರೆಯುತ್ತಿದ್ದರು.

ಲಂಡನ್ನಿನ ಚೆಲ್ಸಿ ಎಂಬ ಬಡಾವಣೆಯಲ್ಲಿ ಮೊದಲ ಮನೆ. ನವೆಂಬರ್ 5ರಂದು ಅಲ್ಲಿ ಗಿಡೋ ಎಂಬ ಗಂಡುಮಗು ಹುಟ್ಟಿತು. ಬಾಡಿಗೆ ಅವರ ಕೈಗೆ ನಿಲುಕುವಂಥದಾಗಿರಲಿಲ್ಲ. 1850ರ ವಸಂತದಲ್ಲಿ ಬಾಕಿಗಾಗಿ ಅಮೀನರು ಬಂದು ಹಾಸಿಗೆ, ಬಟ್ಟೆ, ಕೊನೆಗೆ ಕೂಸಿನ ತೊಟ್ಟಿಲನ್ನೂ ಹೆಣ್ಣುಮಕ್ಕಳ ಆಟದ ಸಾಮಾನುಗಳನ್ನೂ ಜಫ್ತಿ ಮಾಡಿದರು. ಸುದ್ದಿ ತಿಳಿದೊಡನೆ ರೊಟ್ಟಿಯವನು, ಮಾಂಸದವನು, ಹಾಲಿನವನು, ಔಷಧದ ಅಂಗಡಿಯವನು ತಮ್ಮ ತಮ್ಮ ಲೆಕ್ಕದ ಚೀಟಿಗಳೊಡನೆ ಬಾಗಿಲಲ್ಲಿ ನಿಂತರು. ಹಾಸಿಗೆ ಮಂಚಗಳನ್ನು ಮಾರಿ ಅವರ ಸಾಲವನ್ನು ತೀರಿಸಬೇಕಾಯಿತು. ಅಂಗಡಿಯಲ್ಲಿ ಉದ್ದರಿ ಬರೆಯಿಸಿ ಸಂಸಾರ ನಡೆಸಿದವರ ಮಕ್ಕಳು ನಮ್ಮಲ್ಲಿಯೂ ಅನೇಕರಿದ್ದಾರೆ. ಈ ದೃಶ್ಯವನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಕೆಲವು ದಿನ ಒಂದು ಹೋಟೆಲು, ಆಮೇಲೆ ಸೋಹೋ ಎಂಬ ಕಿಕ್ಕಿರಿದ ಪೇಟೆಯ ಡೀನ್ ಬೀದಿ. ಆ ಬೀದಿಯ 64ನೆಯ ನಂಬರಿನ ಮನೆಯಲ್ಲಿ 1850ರ ನವೆಂಬರಿನಲ್ಲಿ, ಒಂದು ವರ್ಷ ತುಂಬಿದ ಎರಡೇ ವಾರಕ್ಕೆ, ಗಿಡೋ ತೀರಿಕೊಂಡನು. ಆ ಮನೆಯಲ್ಲಿ ಮತ್ತೆ ಇರಲಾರದೆ ಅದೇ ಬೀದಿಯ 28ನೆಯ ನಂಬರಿಗೆ ಹೋದರು. ವರ್ಷಕ್ಕೆ 22 ಪೌಂಡು ಬಾಡಿಗೆ. ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಅಷ್ಟರಲ್ಲೇ ಗಂಡ, ಹೆಂಡತಿ, ಮಕ್ಕಳು, ಲೆಂಚೆನ್, ಬಂದುಹೋಗುವ ದೇಶಭ್ರಷ್ಟರು, ಒಂದು ರಾಶಿ ಪುಸ್ತಕ. ಇಲ್ಲಿ ಅವರು ಆರು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಇದ್ದರು.

ಈ ಬಿಡಾರ ಹೇಗಿತ್ತೆಂಬುದನ್ನು ತಿಳಿಯಲು ನಮಗೆ ವಿಚಿತ್ರವಾದ ಒಂದು ಸಾಕ್ಷ್ಯವಿದೆ. ಪ್ರಷ್ಯಾ ಸರ್ಕಾರದ ಗೂಢಚಾರನೊಬ್ಬನು ಮಿತ್ರನ ವೇಷದಲ್ಲಿ ಒಳಹೊಕ್ಕು ತಾನು ಕಂಡುದನ್ನೆಲ್ಲ ವರದಿ ಮಾಡಿದನು. ಬೀದಿಯ ಕಡೆಗೆ ಪಡಸಾಲೆ, ಹಿಂದೆ ಮಲಗುವ ಕೋಣೆ. ಮುರಿಯದ, ಹರಿಯದ ವಸ್ತು ಒಂದೂ ಇಲ್ಲ. ಎಲ್ಲದರ ಮೇಲೂ ಧೂಳು. ನಡುವೆ ಎಣ್ಣೆಬಟ್ಟೆ ಹೊದಿಸಿದ ದೊಡ್ಡ ಮೇಜು. ಅದರ ಮೇಲೆ ಹಸ್ತಪ್ರತಿ, ಪತ್ರಿಕೆ, ಮಕ್ಕಳ ಆಟಿಕೆ, ಹೆಂಡತಿಯ ಹೊಲಿಗೆಯ ಬುಟ್ಟಿ, ಅಂಚು ಒಡೆದ ಬಟ್ಟಲು, ಮಸಿಕುಡಿಕೆ, ಮಣ್ಣಿನ ಚುಟ್ಟಾಕೊಳವೆ, ಬೂದಿ. ಒಳಗೆ ಕಾಲಿಟ್ಟರೆ ಹೊಗೆಯಿಂದ ಕಣ್ಣಲ್ಲಿ ನೀರು. ಕೂರಲು ಹೋದರೆ ಒಂದು ಕುರ್ಚಿಗೆ ಮೂರೇ ಕಾಲು; ಇನ್ನೊಂದರ ಮೇಲೆ ಮಕ್ಕಳ ಅಡುಗೆಯಾಟ. ಇಷ್ಟನ್ನು ಬರೆದ ಆ ಗೂಢಚಾರನೇ, ಹೊರಗೆ ಉಗ್ರಸ್ವಭಾವದವನೆನಿಸಿದ ಈ ಮನುಷ್ಯನು ಮನೆಯಲ್ಲಿ ಬಹು ಮೃದುವಾದ ಗಂಡ, ಬಹು ಅಕ್ಕರೆಯ ತಂದೆ ಎಂದೂ ಸೇರಿಸಿದ್ದಾನೆ. ಶತ್ರುವಿನ ಕಡೆಯವನು ಕೊಟ್ಟ ಈ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು.

ಈ ಮೇಜಿನ ಮೂಲೆಯಲ್ಲಿ ಕುಳಿತು ಮಾರ್ಕ್ಸನು ಲೂಯಿ ಬೋನಪಾರ್ಟನ ರಾಜ್ಯಾಪಹರಣವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಬರೆದನು. 1852ರ ಫೆಬ್ರುವರಿಯಲ್ಲಿ ಕೋಟು ಗಿರವಿಯಲ್ಲಿದ್ದುದರಿಂದ ಹೊರಗೆ ಹೋಗಲಾರದೆ ಮನೆಯಲ್ಲೇ ಕೂರಬೇಕಾದ ದಿನಗಳೂ ಇದ್ದವು. ಕೋಟು ಬಿಡಿಸಿಕೊಂಡು ಬಂದ ದಿನ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯ. ಇಲ್ಲಿಂದಲೇ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆಗೆ ಲೇಖನಗಳು ಹೋಗುತ್ತಿದ್ದವು. 1853ರ ಜೂನ್, ಜುಲೈ ತಿಂಗಳುಗಳಲ್ಲಿ ಭಾರತದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಕುರಿತು ಅವನು ಬರೆದ ಲೇಖನಗಳು ಹುಟ್ಟಿದ್ದು ಈ ಧೂಳಿನ ಕೋಣೆಯಲ್ಲಿ. ಬೊಂಬಾಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಅದೇ ವರ್ಷದ ಏಪ್ರಿಲಿನಲ್ಲಿ. ಭಾರತವನ್ನು ಎಂದೂ ಕಾಣದ ಈ ಮನುಷ್ಯನು, ರೈಲಿನ ಹಿಂದೆಯೇ ಯಂತ್ರೋದ್ಯಮ ಬರುವುದೆಂದೂ ಅದು ಜಾತಿಗೆ ಅಂಟಿದ ಕುಲಕಸಬುಗಳನ್ನು ಸಡಿಲಿಸುವುದೆಂದೂ ಆಗ ಬರೆದನು. ಅವನ ಊಹೆ ಎಷ್ಟರಮಟ್ಟಿಗೆ ನಿಜವಾಯಿತೆಂಬುದು ಚರ್ಚೆಯ ವಿಷಯ. ಅದನ್ನು ಬರೆಯುವಾಗ ಅವನ ಮಗ್ಗುಲಲ್ಲಿ ಮಕ್ಕಳು ಕುರ್ಚಿಗಳನ್ನು ಸಾಲಾಗಿ ಕಟ್ಟಿ ಅವನನ್ನೇ ಕುದುರೆ ಮಾಡಿಕೊಂಡು ಆಡುತ್ತಿದ್ದಿರಬಹುದೆಂದು ನೆನೆದರೆ ನನಗೆ ನಗೆಯೂ ಬರುತ್ತದೆ, ಮರುಕವೂ ಆಗುತ್ತದೆ.

ಆ ಕಾಲದ ಸೋಹೋ ಆರೋಗ್ಯಕರವಾದ ಸ್ಥಳವಾಗಿರಲಿಲ್ಲ. 1854ರ ಆಗಸ್ಟಿನ ಕೊನೆಯಲ್ಲಿ, ಅವರ ಮನೆಗೆ ಅನತಿದೂರದ ಬ್ರಾಡ್ ಬೀದಿಯಲ್ಲಿ ಕಾಲರಾ ಎದ್ದು 616 ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ರೋಗದ ಮೂಲ ಕುಡಿಯುವ ನೀರೆಂದು ತೋರಿಸಿ ಅಲ್ಲಿಯ ಪಂಪಿನ ಹಿಡಿಯನ್ನು ತೆಗೆಯಿಸಿದ್ದು ಈ ಪಿಡುಗಿನಲ್ಲಿಯೇ. ಮಾರ್ಕ್ಸನ ಮನೆಗೆ ಕಾಲರಾ ಬರಲಿಲ್ಲ. ಆದರೆ ಮೃತ್ಯು ಬೇರೆ ದಾರಿಯಿಂದ ಬಂದಿತು. 1851ರ ಮಾರ್ಚಿನಲ್ಲಿ ಹುಟ್ಟಿದ ಫ್ರಾನ್ಸಿಸ್ಕಾ ಎಂಬ ಹೆಣ್ಣುಮಗು ಮರುವರ್ಷ ಏಪ್ರಿಲಿನಲ್ಲಿ ತೀರಿತು. ಶವಪೆಟ್ಟಿಗೆಗೆ ಕಾಸಿಲ್ಲ. ಹತ್ತಿರದಲ್ಲಿದ್ದ ಒಬ್ಬ ಫ್ರೆಂಚ್ ನಿರಾಶ್ರಿತನು 2 ಪೌಂಡು ಕೊಟ್ಟಮೇಲೆ ಮಗು ಮಣ್ಣಿಗೆ ಹೋಯಿತು. ಹುಟ್ಟಿದಾಗ ತೊಟ್ಟಿಲಿಲ್ಲದ ಆ ಕೂಸಿಗೆ ಕೊನೆಯ ಪೆಟ್ಟಿಗೆಯೂ ಸುಲಭವಾಗಿ ಸಿಗಲಿಲ್ಲವೆಂದು ತಾಯಿ ಮುಂದೆ ನೆನೆದು ನೊಂದುಕೊಂಡಳು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಎಡ್ಗರನದು. ಮನೆಯವರೆಲ್ಲರ ಕಣ್ಮಣಿ, ಮಾತಿನ ಮಲ್ಲ, ಬಾಗಿಲಿಗೆ ಬಂದ ಸಾಲಗಾರನನ್ನು ಉಪಾಯವಾಗಿ ಹಿಂದಕ್ಕೆ ಕಳುಹಿಸಬಲ್ಲ ಪೋರ. 1855ರ ಜನವರಿಯಲ್ಲಿ ಎಲಿನರ್ ಎಂಬ ತಂಗಿ ಹುಟ್ಟಿದಳು. ಕೆಲವು ವಾರಗಳಲ್ಲಿ ಅವನು ಹಾಸಿಗೆ ಹಿಡಿದನು. ಏಪ್ರಿಲ್ 6ರಂದು, ಶುಭ ಶುಕ್ರವಾರದ ದಿನ, ಎಂಟು ವರ್ಷದ ಆ ಬಾಲಕನು ತಂದೆಯ ತೋಳಿನಲ್ಲೇ ಪ್ರಾಣ ಬಿಟ್ಟನು. ಗೋರಿಯ ಬಳಿ ಮಾರ್ಕ್ಸನು ಒಳಕ್ಕೆ ಹಾರಿಬಿಡುವನೋ ಎಂದು ಸ್ನೇಹಿತರು ಹೆದರಿದರು. ಅಲ್ಲಿಂದ ಮುಂದೆ ಡೀನ್ ಬೀದಿಯ ಆ ಕೋಣೆಗಳು ಅವರಿಗೆ ಇಕ್ಕಟ್ಟಿನವು ಮಾತ್ರವಾಗಿ ಉಳಿಯಲಿಲ್ಲ. ಪ್ರತಿ ಮೂಲೆಯಲ್ಲಿಯೂ ಹುಡುಗನ ನೆನಪು. ಹೊರಡಬೇಕು, ಆದರೆ ಹೊರಡಲು ಹಣವೆಲ್ಲಿ?

ಆ ಮನೆಯ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 1851ರ ಜೂನಿನಲ್ಲಿ ಲೆಂಚೆನ್ ಒಂದು ಗಂಡುಮಗುವನ್ನು ಹೆತ್ತಳು. ಮಗುವನ್ನು ಬೇರೆಯವರ ಮನೆಯಲ್ಲಿ ಬೆಳೆಯಲು ಕೊಟ್ಟರು. ತಂದೆ ಮಾರ್ಕ್ಸನೇ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಎರಡು ಕೋಣೆಯ ಆ ಬಿಡಾರದಲ್ಲಿ ಇಬ್ಬರು ಹೆಂಗಸರು ಇದನ್ನು ನುಂಗಿಕೊಂಡು ಒಂದೇ ಒಲೆಯ ಮುಂದೆ ಬಾಳಿದರು. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ಇಂಥ ಹೆಂಗಸರ ಸಹನೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಲೆಕ್ಕ ತಪ್ಪಾಗುತ್ತದೆ.

ಕಷ್ಟದ ನಡುವೆಯೂ ಭಾನುವಾರಗಳು ಅವರ ಪಾಲಿಗೆ ಹಬ್ಬ. ಬೆಳಗ್ಗೆ ಎಲ್ಲರೂ ಸೋಹೋದಿಂದ ಹೊರಟು, ಒಂದೂವರೆ ಗಂಟೆ ನಡೆದು, ಹ್ಯಾಂಪ್‌ಸ್ಟೆಡ್ ಎಂಬ ಎತ್ತರದ ಬಯಲಿಗೆ ಹೋಗುತ್ತಿದ್ದರು. ಲೆಂಚೆನ್ನಳ ಬುಟ್ಟಿಯಲ್ಲಿ ಹುರಿದ ಮಾಂಸದ ಬುತ್ತಿ. ಊಟದ ಮೇಲೆ ಓಟ, ಕಲ್ಲೆಸೆತ, ಕತ್ತೆಸವಾರಿ. ಹಿಂದಿರುಗುವಾಗ ಹಾಡು, ಕಥೆ. ವಾರಕ್ಕೊಮ್ಮೆ ಶುದ್ಧವಾದ ಗಾಳಿಯನ್ನು ಕುಡಿದುಬರುತ್ತಿದ್ದ ಈ ಸಂಸಾರಕ್ಕೆ ಆ ಬಯಲಿನ ದಿಕ್ಕಿನಲ್ಲೇ ಮನೆ ಮಾಡಬೇಕೆಂಬ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

1856ರಲ್ಲಿ ಆಸೆ ಕೈಗೂಡುವ ಕಾಲ ಬಂದಿತು. ಬಂದ ಬಗೆ ಮಾತ್ರ ಸಾವಿನ ಮೂಲಕ. ಜೆನ್ನಿಯ ಕಡೆಯ ಸ್ಕಾಟ್ಲೆಂಡಿನ ಬಂಧುವೊಬ್ಬನಿಂದ ಸುಮಾರು 150 ಪೌಂಡು ಬಂದಿತು. ಆಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ತಾಯಿಯನ್ನು ನೋಡಲು ಟ್ರಿಯರಿಗೆ ಹೋದಳು. ಜುಲೈಯಲ್ಲಿ ಆ ವೃದ್ಧೆ ತೀರಿಕೊಂಡಳು. ಮಗಳ ಪಾಲಿಗೆ ಸುಮಾರು 120 ಪೌಂಡು ಬಂದಿತು. ತವರಿನ ಕೊನೆಯ ಕೊಂಡಿ ಕಳಚಿದ ದುಃಖದ ಜೊತೆಗೆ ಹೊಸ ಮನೆಯ ಕೀಲಿಯನ್ನೂ ಕೈಯಲ್ಲಿ ಹಿಡಿದು ಆಕೆ ಲಂಡನ್ನಿಗೆ ಹಿಂದಿರುಗಿದಳೆನ್ನಬಹುದು.

ಬಂದ ಹಣದಲ್ಲಿ ಹಳೆಯ ಸಾಲ ತೀರಿಸಿದರು. ಗಿರವಿಯಲ್ಲಿದ್ದ ಬಟ್ಟೆಬರೆಗಳನ್ನು ಬಿಡಿಸಿಕೊಂಡರು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಮೇಜು ಕುರ್ಚಿಗಳನ್ನು ಕೊಂಡರು. ಸೆಪ್ಟೆಂಬರ್ ಮುಗಿಯುವ ವೇಳೆಗೆ ಹ್ಯಾಂಪ್‌ಸ್ಟೆಡ್ ಬಯಲಿಗೆ ಸಮೀಪದ ಗ್ರಾಫ್ಟನ್ ಟೆರೇಸಿನ 9ನೆಯ ನಂಬರಿನ ಮನೆಗೆ ಬಂದರು. ಬಾಡಿಗೆ ವರ್ಷಕ್ಕೆ 36 ಪೌಂಡು. ಕೋಣೆಗಳು ಚಿಕ್ಕವು, ಆದರೆ ಅಡುಗೆಗೆ ಬೇರೆ ಜಾಗ, ಮಲಗಲು ಬೇರೆ ಜಾಗ, ಓದಲು ಬೇರೆ ಜಾಗ, ಹಿಂದೆ ಒಂದಿಷ್ಟು ತೋಟ. ಇದುವರೆಗೆ ಇದ್ದ ಗೂಡುಗಳಿಗೆ ಹೋಲಿಸಿದರೆ ಜೆನ್ನಿಯ ಕಣ್ಣಿಗೆ ಅದು ಅರಮನೆಯಾಗಿ ಕಂಡಿತು. ಮೊದಲ ಸಲ ತನ್ನದೇ ಹಾಸಿಗೆಯ ಮೇಲೆ ಮಲಗಿ, ತನ್ನದೇ ಕುರ್ಚಿಯ ಮೇಲೆ ಕುಳಿತ ಸುಖ.

ಆದರೆ ಸುಖಕ್ಕೆ ಸುಂಕವಿಲ್ಲದೆ ಇರುತ್ತದೆಯೆ? ಬಡಾವಣೆ ಇನ್ನೂ ಕಟ್ಟುತ್ತಿದ್ದ ಹೊಸದು. ಸರಿಯಾದ ರಸ್ತೆಯಿಲ್ಲ, ದೀಪವಿಲ್ಲ. ಎಲ್ಲೆಲ್ಲಿಯೂ ಇಟ್ಟಿಗೆ, ಕಲ್ಲಿನ ರಾಶಿ. ಮಳೆ ಬಂದರೆ ಕೆಂಪು ಜೇಡಿಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಿಡುವುದೇ ಸಾಹಸ. ಕತ್ತಲಾದಮೇಲೆ ಹೊರಗೆ ಹೋಗುವುದಕ್ಕಿಂತ ಬೆಂಕಿಯ ಮುಂದೆ ಕೂರುವುದೇ ಮೇಲು. ಡೀನ್ ಬೀದಿಯಲ್ಲಿ ಬಡತನವಿದ್ದರೂ ಜನರಿದ್ದರು, ಮಾತಿತ್ತು, ಸಂಜೆಗೊಂದು ನಡಿಗೆಯಿತ್ತು. ಇಲ್ಲಿ ಜೆನ್ನಿ ಒಂಟಿಯಾದಳು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸೋಹೋದಲ್ಲಿ ದೇಶಭ್ರಷ್ಟರ ಬಡತನವನ್ನು ಯಾರೂ ವಿಚಾರಿಸುತ್ತಿರಲಿಲ್ಲ, ಎಲ್ಲರೂ ಅವರಂಥವರೇ. ಇಲ್ಲಿ ನೆರೆಯವರು ಮರ್ಯಾದಸ್ಥರು. ಕಿಟಕಿಗೆ ಪರದೆ ಬೇಕು, ಹೆಣ್ಣುಮಕ್ಕಳಿಗೆ ಶಾಲೆ ಬೇಕು, ಪಿಯಾನೋ ಬೇಕು. ಆದಾಯ ಹಿಂದಿನಷ್ಟೇ, ಖರ್ಚು ಮಾತ್ರ ಮನೆಯ ಅಳತೆಗೆ ಬೆಳೆಯಿತು. ನಾಲ್ಕು ತಿಂಗಳು ಕಳೆಯುವ ಮೊದಲೇ, 1857ರ ಜನವರಿಯಲ್ಲಿ, ತನ್ನ ಸ್ಥಿತಿ ಐದು ವರ್ಷದ ಹಿಂದಿಗಿಂತಲೂ ಕೆಟ್ಟಿತೆಂದು ಮಾರ್ಕ್ಸನು ಮ್ಯಾಂಚೆಸ್ಟರಿನಲ್ಲಿದ್ದ ಎಂಗೆಲ್ಸನಿಗೆ ಕಾಗದ ಬರೆದನು. ಎಂಗೆಲ್ಸನ ತಂದೆ ಮಗನಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕುದುರೆ ಕೊಳ್ಳಲು ಹಣ ಕೊಟ್ಟಿದ್ದನು, ಕುದುರೆಯನ್ನು ಕೊಂಡೂ ಆಗಿತ್ತು. ಸ್ನೇಹಿತನ ಸಂಸಾರ ಹಸಿದಿರುವಾಗ ತಾನು ಕುದುರೆ ಸಾಕುತ್ತಿರುವೆನಲ್ಲಾ ಎಂದು ಎಂಗೆಲ್ಸನು ಮರುಗಿ, ತಿಂಗಳಿಗೆ 5 ಪೌಂಡು ಕಳುಹಿಸುವ ಏರ್ಪಾಡು ಮಾಡಿದನು. ಅಂಚೆಯಲ್ಲಿ ಕಳುವಾಗದಿರಲೆಂದು ನೋಟನ್ನು ಎರಡು ತುಂಡು ಮಾಡಿ ಬೇರೆಬೇರೆ ಲಕೋಟೆಗಳಲ್ಲಿ ಕಳುಹಿಸುವುದು ಅವನ ರೂಢಿ. ಅರ್ಥಶಾಸ್ತ್ರದ ಚರಿತ್ರೆಯಲ್ಲಿ ಆ ತುಂಡು ನೋಟುಗಳ ಪಾತ್ರ ಸಣ್ಣದಲ್ಲವೆಂದು ನನ್ನ ನಂಬಿಕೆ.

1857ರ ಜುಲೈಯಲ್ಲಿ ಈ ಮನೆಯಲ್ಲಿ ಹುಟ್ಟಿದ ಮಗು ಕಣ್ಣು ಬಿಡುವುದರೊಳಗೇ ಹೋಯಿತು. ಆ ಚಳಿಗಾಲದಲ್ಲಿ ಮಾರ್ಕ್ಸನು ರಾತ್ರಿಯೆಲ್ಲ ಕುಳಿತು ತನ್ನ ಅರ್ಥಶಾಸ್ತ್ರದ ದೊಡ್ಡ ಕರಡನ್ನು ಬರೆದನು. ಅದರ ಒಂದು ಭಾಗವನ್ನು ತಿದ್ದಿ 1859ರ ಜನವರಿಯಲ್ಲಿ ಅಚ್ಚಿಗೆ ಕಳುಹಿಸಬೇಕೆಂದರೆ ಅಂಚೆಯ ಖರ್ಚಿಗೂ ಹಣವಿರಲಿಲ್ಲ. ಹಣವನ್ನು ಕುರಿತು ಗ್ರಂಥ ಬರೆದವನ ಬಳಿಯೇ ಹಣವಿಲ್ಲವಲ್ಲಾ ಎಂದು ಅವನೇ ಹಾಸ್ಯ ಮಾಡಿಕೊಂಡನು. 1860ರ ಕೊನೆಯಲ್ಲಿ ಜೆನ್ನಿಗೆ ಸಿಡುಬು ಬಂದಿತು. ಮಕ್ಕಳನ್ನು ಸ್ನೇಹಿತರ ಮನೆಗೆ ಕಳುಹಿಸಿ ಗಂಡನೂ ಲೆಂಚೆನ್ನಳೂ ಆರೈಕೆ ಮಾಡಿದರು. ಜೀವ ಉಳಿಯಿತು, ಮುಖದ ಮೇಲೆ ಕಲೆಗಳು ಉಳಿದವು. 1862ರಲ್ಲಿ ಮಾರ್ಕ್ಸನು ರೈಲ್ವೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಪ್ರಯತ್ನಿಸಿದನು. ಅಕ್ಷರ ಚೆನ್ನಾಗಿಲ್ಲವೆಂದು ಅದೂ ಸಿಗಲಿಲ್ಲ! ಅವನ ಬರವಣಿಗೆಯನ್ನು ಅಚ್ಚಿಗೆ ಒಪ್ಪುವಂತೆ ನಕಲು ಮಾಡಿಕೊಡುತ್ತಿದ್ದವಳು ಜೆನ್ನಿ.

ಇದನ್ನೆಲ್ಲ ಓದಿದವರು ಒಂದು ಪ್ರಶ್ನೆ ಕೇಳಬಹುದು, ಕೇಳಿದವರೂ ಇದ್ದಾರೆ. ಕೂಲಿಕಾರರ ಪರವಾಗಿ ಬರೆದವನು ಕೂಲಿಕಾರರ ಓಣಿಯಲ್ಲೇ ಏಕೆ ಇರಬಾರದಾಗಿತ್ತು? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿ ಅರ್ಥಶಾಸ್ತ್ರಜ್ಞನಿಗೆ ಇರಬೇಡವೆ? ಈ ಪ್ರಶ್ನೆ ಮಾರ್ಕ್ಸನಿಗೂ ಹೊಳೆಯದಿರಲಿಲ್ಲ. 1865ರಲ್ಲಿ ಎಂಗೆಲ್ಸನಿಗೆ ಬರೆದ ಒಂದು ಕಾಗದದಲ್ಲಿ, ತನ್ನ ಮನೆ ಶಕ್ತಿಗೆ ಮೀರಿದ್ದೆಂದು ಅವನು ಒಪ್ಪಿಕೊಳ್ಳುತ್ತಾನೆ. ತಾನೂ ಹೆಂಡತಿಯೂ ಮಾತ್ರ ಇದ್ದಿದ್ದರೆ, ಅಥವಾ ಮಕ್ಕಳು ಗಂಡಾಗಿದ್ದರೆ, ಕೂಲಿಕಾರರಂತೆಯೇ ಬಾಳಬಹುದಾಗಿತ್ತು. ಹೆಣ್ಣುಮಕ್ಕಳು ಬೆಳೆದು ನಾಲ್ಕು ಜನರ ನಡುವೆ ನಿಲ್ಲಬೇಕಾದ್ದರಿಂದ ಹಾಗೆ ಮಾಡಲಾಗದೆಂಬುದು ಅವನ ಸಮಾಧಾನ.

ಈ ಸಮಾಧಾನದಲ್ಲಿ ತತ್ತ್ವಜ್ಞಾನಿಯ ಧ್ವನಿಗಿಂತ ತಂದೆಯ ಧ್ವನಿ ಹೆಚ್ಚಾಗಿದೆ. ಅದನ್ನು ಕೇಳಿದ ಯಾವ ಕ್ರಾಂತಿಕಾರಿಯಾದರೂ ಹುಬ್ಬು ಗಂಟಿಕ್ಕಬಹುದು. ನಾನು ಮಾತ್ರ ಅವನನ್ನು ತಪ್ಪಿತಸ್ಥನೆನ್ನಲಾರೆ. ಡೀನ್ ಬೀದಿಯ ಮನೆಗಳಲ್ಲಿ ಮೂರು ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಉಳಿದ ಮೂವರನ್ನು ಬೆಳಕು ಗಾಳಿ ಇರುವ ಕಡೆಗೆ ಎತ್ತಿಕೊಂಡು ಓಡಿದರು. ಸಾಲ ಬರಲಿ, ಅವಮಾನ ಬರಲಿ ಎಂದು ಓಡಿದರು. ಅವರೊಡನೆ ಬಂದ ಆ ಮೂವರು ಹೆಣ್ಣುಮಕ್ಕಳೂ ಹೊಸ ಮನೆಯಲ್ಲಿ ಬೆಳೆದು ದೊಡ್ಡವರಾದರು. ಅದಕ್ಕೆ ಮನೆಯೊಂದೇ ಕಾರಣವೆಂದು ಸಾಧಿಸಲು ನನ್ನಿಂದಾಗದು. ಆದರೂ ವರ್ಷಕ್ಕೆ 14 ಪೌಂಡು ಹೆಚ್ಚಿನ ಬಾಡಿಗೆಯನ್ನು ದುಂದುವೆಚ್ಚವೆಂದು ಕರೆಯಲು ನಾಲಗೆ ಏಳುವುದಿಲ್ಲ. ಎಲಿನರಳಿಗೆ ತನ್ನ ಬಾಲ್ಯದ ಮೊಟ್ಟಮೊದಲ ನೆನಪೆಂದರೆ ಈ ಮನೆಯ ತೋಟ. ಮೂರು ವರ್ಷದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದೆ ತೋಟವನ್ನು ಸುತ್ತುತ್ತ, ಬಳ್ಳಿಯ ಹೂಗಳನ್ನು ಕಿತ್ತು ಅವಳ ಗುಂಗುರು ಕೂದಲಿಗೆ ಮುಡಿಸುತ್ತಿದ್ದನಂತೆ. ಎಡ್ಗರನಿಗೆ ಅಂಥ ತೋಟ ಸಿಗಲಿಲ್ಲ.

1863ರ ಕೊನೆಯಲ್ಲಿ ಮಾರ್ಕ್ಸನ ತಾಯಿ, ಮರುವರ್ಷ ಮೇ ತಿಂಗಳಲ್ಲಿ ಅವನ ಹಳೆಯ ಮಿತ್ರ ವಿಲ್‌ಹೆಲ್ಮ್ ವುಲ್ಫ್ ತೀರಿಕೊಂಡರು. ಇಬ್ಬರಿಂದಲೂ ಬಂದ ಹಣದಿಂದ ಸಂಸಾರ ಚೇತರಿಸಿಕೊಂಡಿತು. 1864ರಲ್ಲಿ ಸಮೀಪದ ಮೊಡೇನಾ ವಿಲ್ಲಾಸ್‌ನಲ್ಲಿ ಇನ್ನೂ ದೊಡ್ಡ ಮನೆಗೆ ಹೋದರು. ಅಲ್ಲಿ ಮಾರ್ಕ್ಸನಿಗೆ ತನ್ನದೇ ಓದುವ ಕೋಣೆ ದೊರೆಯಿತು. 1867ರಲ್ಲಿ ಹೊರಬಂದ ಬಂಡವಾಳ ಗ್ರಂಥದ ಮೊದಲ ಸಂಪುಟವನ್ನು ಅವನು ಆ ವುಲ್ಫನಿಗೇ ಅರ್ಪಿಸಿದನು. ಜೆನ್ನಿ 1881ರ ಡಿಸೆಂಬರ್ 2ರಂದು, ಮಾರ್ಕ್ಸನು 1883ರ ಮಾರ್ಚ್ 14ರಂದು ಕಣ್ಮುಚ್ಚಿದರು.

ಡೀನ್ ಬೀದಿಯ 28ನೆಯ ನಂಬರಿನ ಕಟ್ಟಡಕ್ಕೆ 1967ರಲ್ಲಿ ಮಾರ್ಕ್ಸನ ಹೆಸರಿನ ನೀಲಿ ಫಲಕವನ್ನು ಹಾಕಿದರು. ಹೈಗೇಟ್ ಸ್ಮಶಾನದಲ್ಲಿ ಅವನ ಸಮಾಧಿ ಮೊದಲು ಇದ್ದದ್ದು ಜನ ಹೋಗಲು ಕಷ್ಟವಾದ ಒಂದು ಮೂಲೆಯಲ್ಲಿ. 1954ರಲ್ಲಿ ಅದನ್ನು ವಿಶಾಲವಾದ ಜಾಗಕ್ಕೆ ಸಾಗಿಸಿ, 1956ರಲ್ಲಿ ಮೇಲೆ ದೊಡ್ಡ ಶಿಲಾಸ್ಮಾರಕವನ್ನು ನಿಲ್ಲಿಸಿದರು. ಗ್ರಾಫ್ಟನ್ ಟೆರೇಸಿಗೆ ಸಾಮಾನು ಸಾಗಿಸಿದ ವರ್ಷಕ್ಕೆ ಸರಿಯಾಗಿ ನೂರು ವರ್ಷ. ಆ ಸಮಾಧಿಯಲ್ಲಿ ಮಾರ್ಕ್ಸನೊಡನೆ ಜೆನ್ನಿಯೂ ಇದ್ದಾಳೆ, ಒಬ್ಬ ಮೊಮ್ಮಗನೂ ಇದ್ದಾನೆ, ಎಲಿನರಳ ಅಸ್ಥಿಯೂ ಇದೆ. 1890ರಲ್ಲಿ ತೀರಿಕೊಂಡ ಲೆಂಚೆನ್ನಳಿಗೂ ಅಲ್ಲಿಯೇ ಜಾಗ ದೊರೆಯಿತು. ಬ್ರಸೆಲ್ಸಿನಿಂದ ಹಿಡಿದು ಒಂದೊಂದು ಬಿಡಾರದಲ್ಲಿಯೂ ಒಲೆ ಹೊತ್ತಿಸಿದವಳು ಅವಳು.